ಹದಿಮೂರನೇ ಕಾರ್ಡಿಗೆ ಅರಿಶಿನ

ಭಾಯ್ ಹೋದ ಸುದ್ದಿ ಬಂದಾಗ ನಾನು ಒಂದು ಲಗ್ನಪತ್ರಿಕೆಯ ಕರಡು ನೋಡುತ್ತಿದ್ದೆ. ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು. ಪ್ರೆಸ್ಸಿನ ಯಜಮಾನರು ಫೋನ್ ಇಟ್ಟು ನನ್ನ ಮೇಜಿನ ಹತ್ತಿರ ಬಂದು ಹೇಳಿ ಹೋದರು. ನಾನು ಕರಡು ಓದುವುದನ್ನು ಮುಂದುವರಿಸಿದೆ. ಮುಹೂರ್ತದ ಸಾಲನ್ನು ಮೂರು ಸಲ ಓದಿ, ಸಹಿ ಹಾಕಿ ಕಳಿಸಿದೆ. ಮಾರನೇ ದಿನ ಕಾರ್ಡು ಅಚ್ಚಾಗಿ ಬಂದಾಗ ನೋಡಿದರೆ ವರನ ತಂದೆಯ ಹೆಸರು ವಧುವಿನ ಕಡೆಗೂ, ವಧುವಿನ ತಂದೆಯ ಹೆಸರು ವರನ ಕಡೆಗೂ ಕೂತಿತ್ತು. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈ ದಾಟಿ ಹೋದ ದೊಡ್ಡ ತಪ್ಪು ಅದೊಂದೇ. ಭಾಯ್ ಇದ್ದಿದ್ದರೆ ಆ ಕಾರ್ಡನ್ನು ಹಿಡಿದುಕೊಂಡು ಇಡೀ ಪ್ರೆಸ್ ಸುತ್ತಿ, ಎಲ್ಲರಿಗೂ ತೋರಿಸಿ, ಕೊನೆಗೆ ನನಗೊಂದು ಚಹಾ ಕುಡಿಸುತ್ತಿದ್ದರು.

ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ನಾನು ಕಣ್ಣಾರೆ ಕಂಡದ್ದನ್ನು, ಅವರ ಬಾಯಿಂದಲೇ ಕೇಳಿದ್ದನ್ನಷ್ಟೇ ಬರೆಯುತ್ತೇನೆ. ಅವರ ಹೆಸರು ಇಲ್ಲಿ ಬೇಡ. ಪ್ರೆಸ್ಸಿನಲ್ಲಿ ಎಲ್ಲರೂ ಕರೆಯುತ್ತಿದ್ದುದು ಭಾಯ್ ಎಂದೇ.

ನಮ್ಮದು ಯಶವಂತಪುರ ಮಾರುಕಟ್ಟೆಯ ಹಿಂದಿನ ಓಣಿಯ ಪ್ರೆಸ್ಸು. ಮುಖ್ಯವಾಗಿ ಮದುವೆ ಕಾರ್ಡು. ಭಾಯ್ ನಾನು ಸೇರುವುದಕ್ಕೆ ಒಂಬತ್ತು ವರ್ಷ ಮೊದಲಿನಿಂದ ಅಲ್ಲಿ ಚಿತ್ರ ಬರೆಯುತ್ತಿದ್ದರು. ಆರ್.ಟಿ. ನಗರದಿಂದ ಹಳೆಯ ಸ್ಕೂಟರಿನಲ್ಲಿ ಬಂದು, ಕಿಟಕಿಯ ಪಕ್ಕದ ಮೇಜಿಗೆ ಕೂತರೆ ಊಟದ ತನಕ ಏಳುತ್ತಿರಲಿಲ್ಲ. ಗಣಪತಿ, ಕಲಶ, ಬಾಳೆಕಂಬ, ವೀಣೆ, ಓಲಗದವರು, ಪಲ್ಲಕ್ಕಿ. ನಿಕಾಹ್ ಕಾರ್ಡಿಗೆ ಚಂದ್ರ, ಚರ್ಚಿನ ಮದುವೆಗೆ ಗಂಟೆ. ಗಣಪತಿಯನ್ನು ಪೆನ್ಸಿಲ್ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದರು. ರಬ್ಬರಿನ ಪುಡಿಯನ್ನು ಹಳೆಯ ಶೇವಿಂಗ್ ಬ್ರಷ್‌ನಿಂದ ಗುಡಿಸುತ್ತಿದ್ದರು. ಚಿತ್ರ ಮುಗಿದ ಮೇಲೆ ಅದನ್ನು ತಲೆಕೆಳಗು ಮಾಡಿ ನೋಡುವುದು ಅವರ ಅಭ್ಯಾಸ. ತಲೆಕೆಳಗಾಗಿಯೂ ಬೀಳದೆ ನಿಂತರೆ ಸರಿ ಇದೆ ಎಂದು ಅರ್ಥವಂತೆ. ನನ್ನ ಕೈಯಲ್ಲಿ ಸದಾ ಕೆಂಪು ಪೆನ್ನಿರುತ್ತಿದ್ದುದರಿಂದ ನನ್ನನ್ನು ಟೀಚರಮ್ಮ ಎಂದು ಕರೆಯುತ್ತಿದ್ದರು.

ಒಂದು ಸಂಜೆ ಭಾಯ್ ಮಾರುಕಟ್ಟೆಯ ಬಾಗಿಲಲ್ಲಿ ಕಡಲೆಕಾಯಿ ಕೊಂಡುಕೊಂಡರು. ಗಾಡಿಯವನು ಯಾವುದೋ ಮದುವೆ ಕಾರ್ಡನ್ನು ಹರಿದು, ಸುರುಳಿ ಸುತ್ತಿ, ಅದರಲ್ಲಿ ತುಂಬಿ ಕೊಟ್ಟ. ಬಿಡಿಸಿ ನೋಡಿದರೆ ಭಾಯ್ ಬರೆದ ವೀಣೆ. ಅರ್ಧ ವೀಣೆ. ಮಾರನೇ ದಿನ ಅದನ್ನು ಪ್ರೆಸ್ಸಿಗೆ ತಂದು, ನೋಡಿ, ನನ್ನ ವೀಣೆಗೆ ಉಪ್ಪು ಖಾರ ಹಾಕಿ ಕೊಟ್ಟಿದ್ದಾನೆ ಎಂದು ಎಲ್ಲರನ್ನೂ ನಗಿಸಿದರು. ಆಮೇಲೆ ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಸವರಿ ಸುಕ್ಕು ತೆಗೆಯುತ್ತ ನನ್ನೊಬ್ಬಳಿಗೇ ಹೇಳಿದರು: "ಇಷ್ಟು ವರ್ಷ ಬರ್ದಿದ್ದೀನಿ ಟೀಚರಮ್ಮ. ಮದುವೆ ಆದ ಮಾರನೇ ದಿನ ಎಲ್ಲಾ ಕಸ. ಒಂದಾದ್ರೂ, ಯಾರಾದ್ರೂ ಒಬ್ರು ಎತ್ತಿ ಇಟ್ಕೊಳೋ ಅಂಥದ್ದು ಬರೀಬೇಕು. ಒಂದು ಸಾಕು."

ನಗುತ್ತಲೇ ಹೇಳಿದರು. ಆದರೆ ಆ ಅರ್ಧ ವೀಣೆ ಅವರ ಡ್ರಾಯರಿನಲ್ಲಿ ಬಹಳ ದಿನ ಇತ್ತು. ನಾನು ನೋಡಿದ್ದೇನೆ.

ಆಷಾಢ ಬಂದರೆ ನಮ್ಮ ಪ್ರೆಸ್ಸು ಅರ್ಧ ನಿದ್ದೆ ಮಾಡುತ್ತದೆ. ನಿಕಾಹ್ ಕಾರ್ಡುಗಳು, ಅಂಗಡಿ ಬಿಲ್ಲು, ಒಂದೆರಡು ತಿಥಿ ಕಾರ್ಡು ಬಿಟ್ಟರೆ ಕೆಲಸವಿಲ್ಲ. ಅಂಥ ಒಂದು ಆಷಾಢದ ಮೊದಲ ವಾರದಲ್ಲಿ ಅಮೃತಹಳ್ಳಿಯಿಂದ ಒಬ್ಬ ಹುಡುಗಿ ಬಂದಳು. ಮೂವತ್ತರ ಆಸುಪಾಸು. ನಾಲ್ಕು ವರ್ಷದ ಹಿಂದೆ ಅವಳ ಮದುವೆ ಕಾರ್ಡು ನಮ್ಮಲ್ಲೇ ಅಚ್ಚಾಗಿತ್ತು. ಎರಡು ಗಿಳಿಗಳಿದ್ದ ಕಾರ್ಡು. ಭಾಯ್ ಗುರುತು ಹಿಡಿದು, ಹೇಗಿದ್ದೀರಮ್ಮ, ಯಜಮಾನ್ರು ಹೇಗಿದ್ದಾರೆ ಎಂದು ಕೇಳಿದರು.

"ಮದುವೆ ಮುಗೀತು ಅಂಕಲ್. ಅಮ್ಮನ ಮನೇಲಿದೀನಿ. ಕಾರ್ಡ್ ಮಾತ್ರ ಚೆನ್ನಾಗಿತ್ತು" ಎಂದಳು.

ಅವಳು ಈಗ ಟ್ಯಾರೋ ಕಾರ್ಡು ನೋಡಿ ಭವಿಷ್ಯ ಹೇಳುತ್ತಿದ್ದಳು. ಎಪ್ಪತ್ತೆಂಟು ಕಾರ್ಡುಗಳ ಕಟ್ಟು. ಇಪ್ಪತ್ತೆರಡಕ್ಕೆ ಹೆಸರುಗಳಿವೆ: ಚಕ್ರವರ್ತಿ, ಪ್ರೇಮಿಗಳು, ಗೋಪುರ, ಸಾವು, ಹೀಗೆ. ಉಳಿದವು ಬಟ್ಟಲು, ಕತ್ತಿ, ದಂಡ, ನಾಣ್ಯ ಎಂದು ನಾಲ್ಕು ಬಗೆ. ಕಾರ್ಡುಗಳನ್ನು ಬೆನ್ನು ಮೇಲಾಗಿ ಹರಡಬೇಕು, ಬಂದವರು ಆರಿಸಬೇಕು, ಇವಳು ಅರ್ಥ ಹೇಳಬೇಕು. ಅಂಗಡಿಯಲ್ಲಿ ಸಿಗುವ ಕಟ್ಟುಗಳು ಅವಳಿಗೆ ಬೇಸರವಾಗಿದ್ದವು. ಗ್ರೀಕ್ ಪುರಾಣದ ದೇವತೆಗಳನ್ನಿಟ್ಟು ಹೊಸದಾಗಿ ಒಂದು ಕಟ್ಟು ಮಾಡಿಸಿ, ತಾನೂ ಬಳಸಿ ಮಾರಲೂ ಬೇಕೆಂದಿದ್ದಳು. ಯಾವ ಕಾರ್ಡಿಗೆ ಯಾರು ಎಂಬ ಪಟ್ಟಿಯನ್ನೂ ಮಾಡಿ ತಂದಿದ್ದಳು. ಕಂಪ್ಯೂಟರಿಗೆ ಹೇಳಿದರೆ ಎಪ್ಪತ್ತೆಂಟನ್ನೂ ಒಂದೇ ಸಂಜೆಯಲ್ಲಿ ಬರೆದುಕೊಡುತ್ತದೆ ಎಂದು ಅವಳ ಸ್ನೇಹಿತರು ಹೇಳಿದ್ದರಂತೆ. ಆದರೂ ಒಮ್ಮೆ ಕೈಯಲ್ಲಿ ಬರೆಸಿ ನೋಡೋಣ ಎಂದು ಬಂದಿದ್ದಳು. ಆಷಾಢ ಮುಗಿಯುವುದರೊಳಗೆ ಒಂದು ಮಾದರಿ ಕಟ್ಟು ಅಚ್ಚು ಹಾಕಿ ತೋರಿಸುವುದು, ಹಿಡಿಸಿದರೆ ಇಟ್ಟುಕೊಂಡು ಮಾರಲು ಇನ್ನಷ್ಟು ಕಟ್ಟು ಮಾಡಿಸುವುದು, ಇಲ್ಲದಿದ್ದರೆ ಕಂಪ್ಯೂಟರ್. ಅಷ್ಟಕ್ಕೆ ಒಪ್ಪಂದವಾಯಿತು.

ಇಟ್ಟುಕೊಳ್ಳುವುದು ಎಂಬ ಮಾತಿಗೆ ಭಾಯ್ ತಲೆ ಎತ್ತಿ ನೋಡಿದ್ದು ನನಗೆ ಕಾಣಿಸಿತು.

ನಮ್ಮ ದೇವರುಗಳನ್ನೇ ಬರೆಸಬಹುದಲ್ಲ ಎಂದು ಯಜಮಾನರು ಕೇಳಿದರು. ಉತ್ತರ ಕೊಟ್ಟವರು ಭಾಯ್. "ನಕ್ಕೋ ಸಾರ್, ಬೇಡ. ನಮ್ಮೋರ್ ದೇವ್ರ ಮುಖ ಹಾಕಿ ಕೆಳಗೆ ಸಾವು ಅಂತ ಬರೆದ್ರೆ ಪ್ರೆಸ್ಸಿಗೆ ಕಲ್ಲು ಬೀಳ್ತದೆ. ಗ್ರೀಸ್‌ನೋರು ಜಗಳಕ್ಕೆ ಯಶವಂತಪುರದ ತನಕ ಬರಲ್ಲ."

ಅವರ ಮನೆಯಲ್ಲಿ ಮಾತ್ರ ಇದು ಹಿಡಿಸಲಿಲ್ಲ. ಭವಿಷ್ಯ ಹೇಳುವವರ ಸಹವಾಸ ನಿಮಗ್ಯಾಕೆ ಎಂದು ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದರಂತೆ. ಅದಕ್ಕೆ ಭಾಯ್ ಹೇಳಿದ ಸಮಾಧಾನ, ಇಷ್ಟು ವರ್ಷದಿಂದ ಶುಭ ಮುಹೂರ್ತ, ಶುಭ ಲಗ್ನ ಎಂದು ಬರೆದಿರುವ ಕಾರ್ಡಿಗೆ ಹೂಬಳ್ಳಿ ಬಿಡಿಸಿದ್ದೇನೆ, ಅದು ಶುಭವಾಯಿತೋ ಇಲ್ಲವೋ ನೋಡುವುದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ, ಇದೂ ಹಾಗೇ, ಎಂದು.

ಹುಡುಗಿ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟು ಹೋಗಿದ್ದಳು. ನಾನು ರಾತ್ರಿ ಓದಿಕೊಂಡು ಬಂದು ಮಧ್ಯಾಹ್ನ ಊಟದ ಹೊತ್ತಿಗೆ ಕಥೆ ಹೇಳಬೇಕು, ಭಾಯ್ ಕೇಳಿಸಿಕೊಂಡು ಬರೆಯಬೇಕು. ಆ ನಾಲ್ಕು ವಾರ ನಮಗೆಲ್ಲ ಏನೋ ಹಿಡಿದಿತ್ತು. ಡಬ್ಬಿ ಬಿಚ್ಚುವ ಮೊದಲೇ, ನಿನ್ನೆಯ ಆ ಹೆಂಗಸು ಏನಾದಳು ಎಂದು ಯಜಮಾನರೇ ತಮ್ಮ ಕೋಣೆಯಿಂದ ಎದ್ದು ಬರುತ್ತಿದ್ದರು. ಭಾಯ್ ಯಾವ ಕಥೆಯನ್ನೂ ಕಥೆಯಾಗಿ ಕೇಳಿಸಿಕೊಳ್ಳುತ್ತಿರಲಿಲ್ಲ, ಕಾರ್ಡಾಗಿ ಕೇಳಿಸಿಕೊಳ್ಳುತ್ತಿದ್ದರು. ಮದುವೆ ಯಾರ ಕಡೆಯವರದ್ದು, ಕರೆಯುವವರು ಯಾರು, ಎಷ್ಟು ಜನ? ದೇವತೆಗಳ ದೊರೆ ಜೀಯಸ್‌ಗಿದ್ದ ಹತ್ತಾರು ಹೆಂಡಿರು, ಪ್ರೇಯಸಿಯರ ವಿಷಯ ಕೇಳಿ, ಇವನೊಬ್ಬನನ್ನು ಹಿಡಿದುಕೊಂಡಿದ್ದರೆ ನಮಗೆ ಆಷಾಢದಲ್ಲೂ ಕೆಲಸವಿರುತ್ತಿತ್ತು ಎಂದರು.

ಒಂದು ದಿನ ಟ್ರಾಯ್ ಯುದ್ಧದ ಕಥೆ ಬಂತು. ಒಂದು ದೊಡ್ಡ ಮದುವೆ, ಎಲ್ಲ ದೇವತೆಗಳಿಗೂ ಕರೆ ಹೋಗಿದೆ, ಜಗಳದ ದೇವತೆಯೊಬ್ಬಳಿಗೆ ಮಾತ್ರ ಇಲ್ಲ. ಅವಳು ಸಿಟ್ಟಾಗಿ ಚಿನ್ನದ ಸೇಬನ್ನು ಮದುವೆ ಮನೆಗೆ ಎಸೆಯುತ್ತಾಳೆ, ಅದು ನನಗೆ ತನಗೆ ಎಂದು ಶುರುವಾದ ಜಗಳ ಹತ್ತು ವರ್ಷದ ಯುದ್ಧವಾಗಿ ಒಂದು ಪಟ್ಟಣವೇ ಸುಟ್ಟುಹೋಗುತ್ತದೆ. ಭಾಯ್ ತುತ್ತು ಕೈಯಲ್ಲಿ ಹಿಡಿದು ಎದ್ದು ನಿಂತರು.

"ಒಂದು ಕಾರ್ಡು," ಎಂದರು. "ಸಾರ್, ಕೇಳಿದ್ರಾ? ಒಂದೇ ಒಂದು ಕಾರ್ಡು ಕಮ್ಮಿ ಹಾಕ್ಸಿದ್ದಕ್ಕೆ."

ಅವತ್ತಿನಿಂದ ಯಜಮಾನರು ಕಾರ್ಡಿನ ಲೆಕ್ಕದಲ್ಲಿ ಜಿಪುಣತನ ಮಾಡುವ ಗಿರಾಕಿಗಳಿಗೆಲ್ಲ ಈ ಕಥೆ ಹೇಳಲು ಶುರು ಮಾಡಿದರು. ಐವತ್ತು ಹೆಚ್ಚಿಗೆ ಹಾಕಿಸಿಕೊಳ್ಳಿ, ಗ್ರೀಸಿನಲ್ಲಿ ಏನಾಯಿತು ಗೊತ್ತೇ ಎಂದು. ಮಾಗಡಿ ಕಡೆಯ ಒಬ್ಬ ಹಿರಿಯರು ಪೂರ್ತಿ ಕೇಳಿ, ನೂರು ಹೆಚ್ಚಿಗೆ ಹಾಕಿ ಎಂದು ಹೇಳಿ ಹೋದದ್ದು ನನಗೆ ನೆನಪಿದೆ. ಗೋಪುರದ ಕಾರ್ಡಿನಲ್ಲಿ ಟ್ರಾಯ್ ಹೊತ್ತಿ ಉರಿಯುತ್ತಿದೆ. ಕೆಳಗೆ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಚಿಕ್ಕದಾಗಿ, ಒಂದು ಲಗ್ನಪತ್ರಿಕೆ ಬಿದ್ದಿದೆ.

ತಲೆ ಗ್ರೀಸಿನಲ್ಲಿದ್ದರೂ ಕೈ ಯಶವಂತಪುರದಲ್ಲೇ ಇತ್ತು. ಅಥೀನಾಳ ಗುಡಿಯ ಕಂಬಗಳನ್ನು ಬಹಳ ಚೆನ್ನಾಗಿ ಬರೆದು, ತಮಗೇ ತಿಳಿಯದೆ ಎರಡೂ ಪಕ್ಕಕ್ಕೆ ಬಾಳೆಕಂಬ ನಿಲ್ಲಿಸಿಬಿಟ್ಟಿದ್ದರು. ಹರ್ಮೀಸ್ ದೇವತೆಯ ಕಾಲಿಗೆ ರೆಕ್ಕೆಯಿರುವ ಪಾದರಕ್ಷೆ ಎಂದು ನಾನು ಹೇಳಿದ್ದೆ. ಅವರು ಹವಾಯಿ ಚಪ್ಪಲಿಗೆ ರೆಕ್ಕೆ ಹಚ್ಚಿದ್ದರು. ಗ್ರೀಕ್ ಬಟ್ಟಲು ಬರೆದಾಗಲೆಲ್ಲ ಬಾಯಿಗೆ ಮಾವಿನೆಲೆ, ಮೇಲೊಂದು ತೆಂಗಿನಕಾಯಿ ಬಂದು ಕೂರುತ್ತಿತ್ತು. ಭಾಯ್, ತೆಂಗಿನಕಾಯಿ, ಎಂದು ನಾನು ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದೆ. ಅರೆ, ಮತ್ತೆ ಬಂತಾ ಎಂದು ಉಜ್ಜುತ್ತಿದ್ದರು. ಬಂಡೆಯನ್ನು ಬೆಟ್ಟಕ್ಕೆ ಉರುಳಿಸುವ, ಅದು ಪ್ರತಿ ಸಲ ಕೆಳಗುರುಳುವ ಸಿಸಿಫಸ್‌ನ ಕಥೆ ಹೇಳಿದ ದಿನ ಮಾತ್ರ ನನಗೇ ತಿರುಗಿಸಿದರು. ಕರಡು ತಿದ್ದಿ ಮುಗಿಸಿದಾಗ ಹುಡುಗನ ಸೋದರಮಾವ ಫೋನ್ ಮಾಡಿ ಇನ್ನೊಂದು ಹೆಸರು ಸೇರಿಸಿ ಎನ್ನುತ್ತಾರಲ್ಲ, ಅದೇ ತಾನೆ ಇದು ಎಂದು. ಹತ್ತು ದಂಡಗಳ ಕಾರ್ಡಿನಲ್ಲಿ ಸಿಸಿಫಸ್ ಸೀರೆಯುಟ್ಟಿದ್ದಾನೆ, ಕನ್ನಡಕ ಹಾಕಿದ್ದಾನೆ. ಅದನ್ನು ನಾನು ತಿದ್ದಲಿಲ್ಲ.

ಅವರು ಸಿಕ್ಕಿಹಾಕಿಕೊಂಡದ್ದು ಒಂದೇ ಕಾರ್ಡಿನಲ್ಲಿ. ಹದಿಮೂರನೆಯದು, ಸಾವು. ಪಾತಾಳದ ದೊರೆ ಹೇಡೀಸ್ ಪರ್ಸೆಫೊನಿ ಎಂಬ ಹುಡುಗಿಯನ್ನು ರಥದಲ್ಲಿ ಎತ್ತಿಹಾಕಿಕೊಂಡು ಹೋಗುವ ಚಿತ್ರ ಎಂದು ಪಟ್ಟಿಯಲ್ಲಿತ್ತು. ಹನ್ನೊಂದು ಸಲ ಬರೆದು ಹನ್ನೊಂದನ್ನೂ ಹರಿದರು. ಇಷ್ಟು ವರ್ಷದಲ್ಲಿ ಅಳುವ ಹೆಣ್ಣನ್ನು ಒಮ್ಮೆಯೂ ಬರೆದಿಲ್ಲ, ಕೈ ಬರುತ್ತಿಲ್ಲ ಎಂದರು. ಆಮೇಲೆ ಅವಳೇನಾದಳು ಎಂದು ಕೇಳಿದರು. ಅವಳ ತಾಯಿ ಬೆಳೆಯ ದೇವತೆ, ಮಗಳನ್ನು ಹುಡುಕಿ ಹುಡುಕಿ ಭೂಮಿಯೆಲ್ಲ ಒಣಗಿಸಿಬಿಟ್ಟಳು, ಕೊನೆಗೆ ವರ್ಷದಲ್ಲಿ ಕೆಲವು ತಿಂಗಳು ಮಗಳು ತಾಯಿಯ ಮನೆಗೆ ಬಂದಿರಬಹುದು ಎಂದು ತೀರ್ಮಾನವಾಯಿತು ಎಂದೆ.

"ಹಂಗಂದ್ರೆ ಬರ್ತಾಳೆ?"

"ಬರ್ತಾಳೆ ಭಾಯ್. ಆದ್ರೆ ಪಟ್ಟೀಲಿ ಅದಿಲ್ಲ."

"ಕಥೇಲಿ ಇದೆ ತಾನೆ ಟೀಚರಮ್ಮ?"

ಹನ್ನೆರಡನೇ ಸಲ ಬರೆದ ಚಿತ್ರದಲ್ಲಿ ಹುಡುಗಿ ಹೊಸ್ತಿಲಿಗೆ ಒಂದು ಕಾಲಿಟ್ಟಿದ್ದಾಳೆ. ಕೈಯಲ್ಲಿ ಪಾತಾಳದಲ್ಲಿ ತಿಂದು ಉಳಿದ, ಒಡೆದ ದಾಳಿಂಬೆ. ತಾಯಿ ಒಳಗಿನಿಂದ ಎರಡೂ ಬಾಗಿಲು ತೆರೆದು ಹಿಡಿದಿದ್ದಾಳೆ. ಕೆಳಗೆ XIII ಎಂಬ ಅಂಕಿ ಮಾತ್ರ, ಸಾವು ಎಂಬ ಹೆಸರನ್ನೂ ಹಾಕಲಿಲ್ಲ. ಅಮೃತಹಳ್ಳಿಯ ಹುಡುಗಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದರೋ ಏನೋ ನನಗೆ ಗೊತ್ತಿಲ್ಲ. ಪಟ್ಟಿಯನ್ನು ಮೀರಿದ ಕಾರಣಕ್ಕೆ ಅವಳು ಇಡೀ ಕಟ್ಟನ್ನೇ ಬೇಡವೆನ್ನಬಹುದು ಎಂದು ಮಾತ್ರ ಎಚ್ಚರಿಸಿದೆ. ಗೊತ್ತು ಎಂದರು. ಅವತ್ತು ಅವರು ತಮಾಷೆ ಮಾಡಲಿಲ್ಲ.

ಆಷಾಢದ ಅಮಾವಾಸ್ಯೆಯ ಹಿಂದಿನ ದಿನ ಕಟ್ಟು ಅಚ್ಚಾಯಿತು. ಹುಡುಗಿ ನಾಲ್ಕು ಗಂಟೆಗೆ ಬರುವವಳಿದ್ದಳು. ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತೆಂಟು ಕಾರ್ಡುಗಳನ್ನೂ ಕತ್ತರಿಸಿ, ಮೂಲೆ ದುಂಡಗೆ ಮಾಡಿ ನನ್ನ ಮೇಜಿಗೆ ತಂದರು. ಬೆನ್ನೆಲ್ಲ ಅಚ್ಚ ಬಿಳಿ, ನಡುವೆ ಒಂದು ಚಿಕ್ಕ ನಕ್ಷತ್ರ. ಹೆಸರು, ಅಂಕಿ, ಅನುಕ್ರಮ ಎಲ್ಲ ನೋಡಿದೆ. ಒಂಬತ್ತು ಬಟ್ಟಲುಗಳ ಕಾರ್ಡಿನಲ್ಲಿ ಒಂದು ತೆಂಗಿನಕಾಯಿ ನನ್ನ ಕಣ್ಣು ತಪ್ಪಿಸಿ ಉಳಿದುಕೊಂಡಿತ್ತು. ಇರಲಿ ಎಂದು ಬಿಟ್ಟು, ಸಹಿ ಹಾಕಿ, ಪ್ಯಾಕಿಂಗ್ ಮೇಜಿನ ಮೇಲಿಟ್ಟು ಊಟಕ್ಕೆ ಹೋದೆವು.

ಪ್ಯಾಕಿಂಗ್ ನೋಡಿಕೊಳ್ಳುವವಳು ನರಸಮ್ಮ, ಮಾಕಳಿಯಿಂದ ಬರುತ್ತಾಳೆ. ಓದು ಬರಹವಿಲ್ಲ. ಮದುವೆ ಕಾರ್ಡಿನ ಮೊದಲ ಕಟ್ಟು ಪ್ರೆಸ್ಸು ದಾಟುವ ಮುಂಚೆ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚುವುದು ನಮ್ಮಲ್ಲಿ ಪದ್ಧತಿ, ಅದು ಅವಳದೇ ಕೆಲಸ. ತಿಥಿ ಕಾರ್ಡಿಗೆ ಹಚ್ಚುವುದಿಲ್ಲ. ಯಾವುದು ಯಾವುದೆಂದು ಅವಳು ಚಿತ್ರ ನೋಡಿ ತಿಳಿದುಕೊಳ್ಳುತ್ತಾಳೆ. ಇದನ್ನು ಬಲ್ಲ ನಾನು, ಆ ಕಟ್ಟನ್ನು ಅವಳ ಅರಿಶಿನದ ಬಟ್ಟಲಿನ ಪಕ್ಕದಲ್ಲೇ ಇಟ್ಟು ಹೋಗಿದ್ದೆ. ಆ ತಪ್ಪು ನನ್ನದು.

ಹುಡುಗಿ ಬಂದಳು. ಭಾಯ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ನರಸಮ್ಮ ತುಂಬಿಟ್ಟಿದ್ದ ಕಾರ್ಡುಗಳ ಡಬ್ಬಿಯನ್ನು ಹಾಗೇ ಎರಡೂ ಕೈಯಲ್ಲಿ ಕೊಟ್ಟರು. ಅವಳು ಕಾರ್ಡುಗಳನ್ನು ತೆಗೆದು, ತನ್ನ ರೂಢಿಯಂತೆ ಬೆನ್ನು ಮೇಲಾಗಿ ಮೇಜಿನ ಮೇಲೆ ಉದ್ದಕ್ಕೆ ಹರಡಿದಳು. ಕೆಲವಕ್ಕೆ ಹಳದಿ ಮೂಲೆ, ಕೆಲವಕ್ಕೆ ಬಿಳಿ ಮೂಲೆ. ಭಾಯ್ ಬಗ್ಗಿ ಒಂದು ಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿದರು. ಬೆನ್ನು ನೋಡಿಯೇ ಗುರುತು ಸಿಗುವ ಕಾರ್ಡಿನಿಂದ ಭವಿಷ್ಯ ಹೇಳಲಾಗುವುದಿಲ್ಲ, ಅಷ್ಟು ನಮಗೂ ತಿಳಿದಿತ್ತು.

ನರಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳಿಗೆ ತಪ್ಪೆಂದು ಅನ್ನಿಸಿಯೇ ಇರಲಿಲ್ಲ.

"ಒಳ್ಳೇವ್ಕೆಲ್ಲ ಅಚ್ಚಿವ್ನಿ ಕಣವ್ವ. ಕೆಟ್ಟವ್ಕೆ ಅಚ್ಚಿಲ್ಲ. ತಿಥಿ ಕಾರ್ಡ್ಗೆ ಯಾರಾದ್ರೂ ಅರ್ಸ್ನ ಅಚ್ತಾರಾ?"

ಹುಡುಗಿ ಒಂದೊಂದಾಗಿ ತಿರುಗಿಸಿ ನೋಡತೊಡಗಿದಳು. ಚಕ್ರವರ್ತಿ, ಜೀಯಸ್: ಬಿಳಿ. ಯಾಕೆಂದು ಕೇಳಿದರೆ, ಇವನ ಕಣ್ಣು ಸರಿಯಿಲ್ಲ ಎಂದಳು ನರಸಮ್ಮ. ಕತ್ತಿಗಳ ರಾಣಿ, ತಲೆಯ ಮೇಲೆ ಹಾವುಗಳಿರುವ ಮೆಡೂಸಾ: ಅಚ್ಚ ಹಳದಿ, ಎರಡು ಸಲ ಹಚ್ಚಿದ್ದಳು, ನಾಗಮ್ಮ ಎಂದು. ಪಿಶಾಚಿಯ ಕಾರ್ಡಿಗೆ ಗೂಳಿ ತಲೆಯ ರಾಕ್ಷಸನನ್ನು ಬರೆದಿದ್ದರು ಭಾಯ್. ಬಸವಣ್ಣನನ್ನು ಬಿಡಲಾಗುತ್ತದೆಯೇ, ಅದಕ್ಕೂ ಅರಿಶಿನ. ಪ್ರೇಮಿಗಳ ಕಾರ್ಡಿನಲ್ಲಿ ಚಿಪ್ಪಿನ ಮರೆಯಲ್ಲಿ ನಿಂತ ಪ್ರೇಮದೇವತೆ ಅಫ್ರೋಡೈಟಿಗೆ ಇರಲಿಲ್ಲ.

"ಸೀರೆ ಉಟ್ಕೊಂಡ್ ಬರ್ಲಿ, ಅಚ್ತೀನಿ" ಎಂದಳು ನರಸಮ್ಮ.

ಮೊದಲು ನಕ್ಕದ್ದು ಹುಡುಗಿ. ಆಮೇಲೆ ಯಜಮಾನರು. ಭಾಯ್ ನಗಬಹುದೋ ಬಾರದೋ ಎಂದು ಎಲ್ಲರ ಮುಖ ನೋಡಿ, ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಒಂದೊಂದು ಕಾರ್ಡು ತಿರುಗಿದಾಗಲೂ ಮತ್ತೆ. ಕೆಲಸದವರೆಲ್ಲ ಮೇಜಿನ ಸುತ್ತ ಸೇರಿದ್ದರು. ನಾನು ಎಣಿಸಿದೆ: ಅರವತ್ತೊಂದು ಹಳದಿ, ಹದಿನೇಳು ಬಿಳಿ.

ಹೀಗೆ ನಗುತ್ತಿರುವಾಗಲೇ ಹದಿಮೂರನೆಯದು ತಿರುಗಿತು. ಅದರ ನಾಲ್ಕು ಮೂಲೆಯಲ್ಲೂ ಅರಿಶಿನವಿತ್ತು. ಹುಡುಗಿ ಅದನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಇದಕ್ಕೂ ಹಚ್ಚಿದೀರಲ್ಲಮ್ಮ? ಇದು ಸಾವಿನ ಕಾರ್ಡು."

ನರಸಮ್ಮ ಬಗ್ಗಿ ನೋಡಿದಳು. "ಸಾವಾ? ಯಾವ್ ಸಾವು? ಮಗ್ಳು ಮನೇಗ್ ಬಂದವ್ಳೆ, ಅವ್ವ ಬಾಗ್ಲು ತಗ್ದವ್ಳೆ. ಇದ್ಕೂ ಬ್ಯಾಡ್ವಾ ಅರ್ಸ್ನ?"

ಭಾಯ್ ಮೆಲ್ಲಗೆ, ಪಟ್ಟಿಯಲ್ಲಿದ್ದಂತೆ ಬರೆಯಲು ತಮ್ಮಿಂದ ಆಗಲಿಲ್ಲವೆಂದೂ, ಬೇಕಾದರೆ ಅದೊಂದನ್ನು ಇನ್ನೊಮ್ಮೆ ಪ್ರಯತ್ನಿಸಿ, ಅರಿಶಿನವಿಲ್ಲದ ಹೊಸ ಕಟ್ಟನ್ನು ನಾಳೆಯೇ ಹಾಕಿಸಿಕೊಡುತ್ತೇನೆಂದೂ ಹೇಳಿದರು.

"ಮಾರೋದಕ್ಕೆ ಅರಿಶಿನ ಬೇಡ ಅಂಕಲ್, ಚೊಕ್ಕವಾಗಿರೋದು ಹಾಕಿ," ಎಂದಳು. "ಚಿತ್ರ ಎಲ್ಲ ಇವೇ ಇರ್ಲಿ. ಹದಿಮೂರೂ ಇದೇ. ಈ ಸೆಟ್ ಮಾತ್ರ ವಾಪಸ್ ಕೊಡಲ್ಲ, ಇದು ನಂದು."

ಆಮೇಲೆ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ, ನಿಮ್ಮ ಹೆಸರೆಲ್ಲಿ ಎಂದು ಕೇಳಿದಳು. ಭಾಯ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಮದುವೆ ಕಾರ್ಡಿನಲ್ಲಿ ಚಿತ್ರ ಬರೆದವರ ಹೆಸರು ಇರುವುದಿಲ್ಲ. ನನ್ನ ಪೆನ್ನನ್ನೇ ತೆಗೆದುಕೊಟ್ಟೆ. ಡಬ್ಬಿಯ ಒಳಮುಚ್ಚಳದ ಮೇಲೆ ಎಲ್ಲಿ, ಹೇಗೆ ಬರೆಯಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಯೋಚಿಸಿದರು. ಹೆಸರುಗಳು ಬರುವ ಜಾಗ ಅವರಿಗೆ ಗೊತ್ತಿದ್ದದ್ದು ಒಂದೇ. 'ತಮ್ಮ ಸುಖಾಗಮನವನ್ನು ಬಯಸುವ' ಎಂದು ದುಂಡಗೆ ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರು ಬರೆದರು.

ಹುಡುಗಿ ಓದಿದಳು. ಕೊರಳಿನಲ್ಲಿದ್ದ ದುಪಟ್ಟಾ ತೆಗೆದು ಡಬ್ಬಿಗೆ ಎರಡು ಸುತ್ತು ಸುತ್ತಿ, ಬ್ಯಾಗಿನ ಒಳಗೆ ತಳದಲ್ಲಿ ಇಟ್ಟುಕೊಂಡು ಹೊರಟಳು. ಭಾಯ್ ಕಿಟಕಿಯಿಂದ ಓಣಿಯ ತಿರುವಿನ ತನಕ ನೋಡುತ್ತಿದ್ದರು.

"ಇಟ್ಕೊಂಡ್ಲು ಅಲ್ವಾ ಟೀಚರಮ್ಮ?" ಎಂದರು.

ಇಟ್ಟುಕೊಂಡಳು ಭಾಯ್ ಎಂದೆ. ಅವರು ಕೂತು, ಪೆನ್ಸಿಲ್ ಕೆತ್ತಿ, ಶ್ರಾವಣದ ಮೊದಲ ಕಾರ್ಡಿಗೆ ಗಣಪತಿ ಬರೆಯಲು ತೊಡಗಿದರು. ಸೊಂಡಿಲಿನ ಅರ್ಧಕ್ಕೆ ಪೆನ್ಸಿಲ್ ಎತ್ತಿ ಮತ್ತೆ ಅದನ್ನೇ ಕೇಳಿದರು. ಆ ಸಂಜೆ ಬಾಗಿಲು ಹಾಕುವುದರೊಳಗೆ ಒಟ್ಟು ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ನಾನು ಅದೇ ಉತ್ತರ ಕೊಟ್ಟೆ.